ಏಪ್ರಿಲ್ ಒಂದರ ಬಿಡುವು

ಮಾರ್ಚ್ ಮೂವತ್ತೊಂದು ದಾಟುವ ತನಕ ಈ ಮನೆಯಲ್ಲಿ ಯಾರೂ ಬಸುರಿಯಲ್ಲ ಎಂದು ಉಷಾರಾಣಿ ಕಟ್ಟಪ್ಪಣೆ ಮಾಡಿದಳು. ಹೇಳಿದ್ದು ಊಟದ ಹೊತ್ತಿನಲ್ಲಿ, ಎಲ್ಲರ ತಟ್ಟೆಗೂ ಮುದ್ದೆ ಬಿದ್ದ ಮೇಲೆ, ಯಾರೂ ಎದ್ದು ಹೋಗಲಾಗದ ಗಳಿಗೆ ನೋಡಿಕೊಂಡು. ಆರು ವರ್ಷ ಹಾಸನದ ಡಾಕ್ಟರ ಬಾಗಿಲು ಕಾದು, ಕಂಡ ದೇವರಿಗೆಲ್ಲ ಹರಕೆ ಹೊತ್ತು, ಕಡೆಗೆ ಅವಳಿಗೆ ನಿಂತ ಬಸುರು. ಅತ್ತೆ ಸುಮಿತ್ರಮ್ಮನ ಕಿವಿಗೆ ಸುದ್ದಿ ಬಿದ್ದು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಅಷ್ಟರಲ್ಲೇ ಬಾಯಿಗೆ ಬೀಗ ಬಿತ್ತು.

ಪಕ್ಕದ ಮನೆ ಅನುಸೂಯಮ್ಮನಿಗಾದರೂ ಹೇಳಬಹುದೇ ಎಂದು ಸುಮಿತ್ರಮ್ಮ ಮೆಲ್ಲಗೆ ಕೇಳಿದಳು.

“ಅವ್ರಿಗೆ ಹೇಳೋದೂ ಒಂದೇ, ಬಸ್ ಸ್ಟ್ಯಾಂಡಲ್ಲಿ ಮೈಕ್ ಕಟ್ಟೋದೂ ಒಂದೇ ಅತ್ತೆ,” ಎಂದಳು ಉಷಾರಾಣಿ. “ಒಂದೂವರೆ ತಿಂಗಳು ಅಷ್ಟೇ. ಹೊಸ ಆರ್ಡರಿಗೆ ಸಹಿ ಬಿದ್ಮೇಲೆ ನೀವು ಇಡೀ ಅರಸೀಕೆರೆಗೆ ಸಕ್ಕರೆ ಹಂಚಿ.”

ಉಷಾರಾಣಿ ಊರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಕೂರುವುದು ಆಸ್ಪತ್ರೆಯಲ್ಲಿ, ರಕ್ತ ತೆಗೆಯುವುದು ಆಸ್ಪತ್ರೆಯ ರೋಗಿಗಳದ್ದು, ಬೈಸಿಕೊಳ್ಳುವುದು ಆಸ್ಪತ್ರೆಯ ಡಾಕ್ಟರಿಂದ. ಆದರೆ ಅವಳು ಆಸ್ಪತ್ರೆಯವಳಲ್ಲ, ಮೈಸೂರಿನ ಯಾವುದೋ ಏಜೆನ್ಸಿಯವಳು. ಆ ಏಜೆನ್ಸಿಯ ಬಾಗಿಲು ಯಾವ ದಿಕ್ಕಿಗಿದೆಯೋ ಅವಳಿಗೆ ಗೊತ್ತಿಲ್ಲ. ಅದರ ಸೂಪರ್‌ವೈಸರ್ ಭೀಮರಾಜ್ ಆಗಾಗ ಬಂದು ಹೋಗುತ್ತಾನೆ, ಅವನೇ ಏಜೆನ್ಸಿ. ಪ್ರತಿ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಎಲ್ಲರ ಗುತ್ತಿಗೆ ಮುಗಿಯುತ್ತದೆ. ಏಪ್ರಿಲ್ ಒಂದು ಬ್ರೇಕ್. ಆ ದಿನ ಇವರು ಯಾರ ಕೆಲಸದವರೂ ಅಲ್ಲ. ಎರಡನೇ ತಾರೀಕು ಹೊಸ ಪಟ್ಟಿ, ಹೊಸ ಸಹಿ. ಬಿಡದೆ ದುಡಿದಿದ್ದೇನೆಂದು ನಾಳೆ ಯಾರೂ ಹಕ್ಕು ಕೇಳಬಾರದಲ್ಲ, ಅದಕ್ಕೆ ನಡುವೆ ಒಂದು ದಿನಕ್ಕೆ ಕತ್ತರಿ. ಉಷಾರಾಣಿ ಇಂಥ ಏಳು ಏಪ್ರಿಲ್ ದಾಟಿದ್ದಳು. ಹೋದ ವರ್ಷ ನರ್ಸ್ ಶರ್ಮಿಳಾ ದಾಟಲಿಲ್ಲ. ಅವಳಿಗಾಗ ಐದು ತಿಂಗಳು. ಯಾರೂ ಒಂದು ಮಾತು ಅನ್ನಲಿಲ್ಲ. ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೇ.

ಸುಮಿತ್ರಮ್ಮನ ಮಗ, ಉಷಾರಾಣಿಯ ಗಂಡ ಮಹಾಂತೇಶನದ್ದು ಇನ್ನೊಂದು ಕಥೆ. ಬಾಣಾವರದ ಆಚೆ ಒಂದು ಹೈಸ್ಕೂಲಿನಲ್ಲಿ ಅವನು ಅತಿಥಿ ಶಿಕ್ಷಕ. ಹತ್ತು ವರ್ಷದಿಂದ ಅತಿಥಿ. ಹತ್ತು ವರ್ಷ ನೆಂಟನನ್ನು ಇಟ್ಟುಕೊಂಡು ಒಂದು ದಿನವೂ ಕೂತು ಉಣ್ಣಪ್ಪ ಎನ್ನದವರನ್ನು ತಾನೆಲ್ಲೂ ಕಂಡಿಲ್ಲ ಎಂದು ಸುಮಿತ್ರಮ್ಮ ಅನ್ನುತ್ತಿದ್ದಳು. ಏಪ್ರಿಲ್ ಹತ್ತಕ್ಕೆ ಶಾಲೆ ಮುಚ್ಚಿದರೆ ಜೂನ್ ತನಕ ಅವನಿಗೆ ಕೆಲಸವಿಲ್ಲ, ಸಂಬಳವಿಲ್ಲ. ದುಡಿದ ತಿಂಗಳುಗಳದ್ದು ಬಂದಾಗ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಾಡಿಗೆ, ಹಾಲು, ಮಾವ ರೇವಣಸಿದ್ದಪ್ಪನವರ ಉಬ್ಬಸದ ಔಷಧಿ, ಎಲ್ಲ ನಡೆಯುವುದು ಉಷಾರಾಣಿಯ ಸಂಬಳದಿಂದ.

“ಗುತ್ತಿಗೆ ಕೆಲಸದ ಹಣೆಬರಹವೇ ಇಷ್ಟು,” ಎಂದು ಮಹಾಂತೇಶ ತಟ್ಟೆಯಲ್ಲೇ ಕೈ ತೊಳೆದ.

ಮಗಳು ಅಕ್ಷತಾ ಸುಮ್ಮನಿರುವವಳಲ್ಲ. ಅವಳೂ ಅತ್ತಿಗೆಯ ಹಾಗೆ ಲ್ಯಾಬ್ ಡಿಪ್ಲೊಮಾ ಓದಿದವಳು. “ಬೈಯೋದು ಸುಲಭ ಕಣಣ್ಣ. ಅತ್ತಿಗೆ ಓದು ಮುಗಿಸಿ ಹದಿನೈದು ದಿನಕ್ಕೆ ಕೆಲಸಕ್ಕೆ ಸೇರಿದ್ರು. ಪರೀಕ್ಷೆ ಇಲ್ಲ, ಲಂಚ ಇಲ್ಲ, ಬೆಂಗ್ಳೂರಿಗೆ ಹೋಗಿ ಪಿಜಿ ಊಟ ತಿನ್ಬೇಕಾಗಿಲ್ಲ. ನಡ್ಕೊಂಡು ಹೋಗ್ತಾರೆ, ನಡ್ಕೊಂಡು ಬರ್ತಾರೆ. ನಾನು ಆ ಪ್ರೈವೇಟ್ ಲ್ಯಾಬಲ್ಲಿ ಎರಡು ವರ್ಷದಿಂದ ಟ್ರೈನಿಂಗ್ ಅಂತ ಬಿಟ್ಟಿ ದುಡೀತಿದೀನಿ. ನಂಗೆ ಇದೇ ಸಿಕ್ಕಿದ್ರೆ ಸಾಕಿತ್ತು.”

“ಹದಿನೈದು ದಿನಕ್ಕೆ ಸಿಕ್ಕಿದ್ದು ಒಂದು ದಿನಕ್ಕೆ ಹೋಗುತ್ತೆ,” ಎಂದಳು ಉಷಾರಾಣಿ. “ನಾನೂ ಸರ್ಕಾರಿ ಪರೀಕ್ಷೆ ಬರೋ ತನಕ ಅಂತ ಸೇರಿದ್ದು. ಪರೀಕ್ಷೆ ಬರೋದ್ರೊಳಗೆ ವಯಸ್ಸು ಮೀರ್ತು.”

ರೇವಣಸಿದ್ದಪ್ಪನವರು ಮಜ್ಜಿಗೆ ಕುಡಿದು ಮುಗಿಸಿ, ತಮ್ಮ ಕಾಲದಲ್ಲಿ ಇಂಥದ್ದಿರಲಿಲ್ಲ ಎಂದು ಶುರು ಮಾಡಿದರು. ಅಕ್ಷತಾ ತಟ್ಟೆ ಎತ್ತಿಕೊಂಡು ಎದ್ದಳು. ಅವರ ಕಾಲದ ವಿಷಯ ಬಂದರೆ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಪೈಪೋಟಿ ಬೀಳುತ್ತಿತ್ತು.

ಸುಮಿತ್ರಮ್ಮ ಮಾತು ಉಳಿಸಿಕೊಂಡಳು, ಕಷ್ಟಪಟ್ಟು. ಸೊಸೆ ಬೆಳಿಗ್ಗೆ ವಾಂತಿ ಮಾಡಿಕೊಳ್ಳುವಾಗ ಬಚ್ಚಲ ನಲ್ಲಿ ಜೋರಾಗಿ ಬಿಟ್ಟಳು. ಹುಚ್ಚೆಳ್ಳು ಚಟ್ನಿಯ ಬಯಕೆಯಾಯಿತೆಂದಾಗ ಹುಚ್ಚೆಳ್ಳು ಹುರಿದ ವಾಸನೆ ಬೀದಿಗೆ ಹೋಗಿ, ಅನುಸೂಯಮ್ಮ ಕಾಂಪೌಂಡಿನ ಮೇಲಿಂದ ಏನು ವಿಶೇಷ ಎಂದು ಕೇಳಿದರೆ, ಇವರಿಗೆ ಬಾಯಿ ಕೆಟ್ಟಿತ್ತು ಎಂದು ಗಂಡನ ಮೇಲೆ ಹಾಕಿದಳು. ಸುಳ್ಳು ಹೇಳಿದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಂಥ ಜನ ಇದ್ದಾರೆ. ಲಿಂಗಪೂಜೆಗೆ ಕೂತರೆ ಹೇಳಿದ ಸುಳ್ಳೇ ಎದುರಿಗೆ ಬಂದು ಕೂರುತ್ತದೆ ಎಂದು ಗಂಡನ ಹತ್ತಿರ ಗೋಳಾಡಿಕೊಂಡಳು.

ಮಾರ್ಚ್ ನಡುವಿಗೆ ಇನ್ನೊಂದು ಒಳ್ಳೆಯದೂ ಬಂತು. ಬಾಣಾವರದಲ್ಲಿ ಕೊಬ್ಬರಿ ವ್ಯಾಪಾರದ ಮನೆ, ಹುಡುಗ ಬಸವಕುಮಾರ. ಮಠದ ಪರಿಚಯದವರ ಕಡೆಯಿಂದ ಬಂದ ಸಂಬಂಧ. ಹುಡುಗನ ತಾಯಿ ಬಂದು ಅಕ್ಷತಾಳನ್ನು ನೋಡಿ, ಕೈ ಹಿಡಿದುಕೊಂಡೇ ಕಾಫಿ ಕುಡಿದು ಹೋದರು. ಹುಡುಗನೂ ಎರಡು ಸಲ ಫೋನಿನಲ್ಲಿ ಮಾತಾಡಿದ. ಮದುವೆಯಾದ ಮೇಲೆ ಕೆಲಸಕ್ಕೆ ಹೋಗುವುದಾದರೆ ಹೋಗಲಿ, ರೈಲಿದೆಯಲ್ಲ ಎಂದನಂತೆ. ಅದನ್ನು ಹೇಳುವಾಗ ಅಕ್ಷತಾ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕುತ್ತಿದ್ದಳು. ಮೇ ಹತ್ತಕ್ಕೆ ಬಂದು ಒಪ್ಪುವ ಶಾಸ್ತ್ರ ಮಾಡಿಕೊಂಡು ಹೋಗುವುದೆಂದು ಹಿರಿಯರಲ್ಲಿ ಮಾತಾಯಿತು.

ಸೊಸೆಗೆ ಐದನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಬೇಕಲ್ಲ. ಯಾವ ದಿನ ಎಂದು ಸುಮಿತ್ರಮ್ಮ ಪಂಚಾಂಗ ಬಿಟ್ಟು ಗುತ್ತಿಗೆಯ ಲೆಕ್ಕ ಹಿಡಿದಳು. ಏಪ್ರಿಲ್ ಒಂದು, ಬ್ರೇಕಿನ ದಿನ. ಉಷಾರಾಣಿಗೆ ವರ್ಷದಲ್ಲಿ ಯಾರನ್ನೂ ಕೇಳದೆ ಸಿಗುವ ಬಿಡುವು ಅದೊಂದೇ. ಬಾಗಿಲು ಹಾಕಿಕೊಂಡು ಮನೆಮಟ್ಟಿಗೆ ಮಾಡುವುದಾದರೆ ಆಗಲಿ ಎಂದು ಸೊಸೆಯೂ ಒಪ್ಪಿದಳು. ಕಣಕಟ್ಟೆಯಿಂದ ಅವಳ ತಾಯಿ ಬಂದು ಮಡಿಲು ತುಂಬುವುದು, ಬೇರೆ ಯಾರಿಗೂ ಹೇಳುವುದಿಲ್ಲ.

ತಪ್ಪು ನಡೆದದ್ದು ಮಾರ್ಚ್ ಇಪ್ಪತ್ತೆರಡಕ್ಕೆ. ಹಿಂದಿನ ದಿನ ಸಂಜೆ ಉಷಾರಾಣಿ ಬಂದವಳೇ ಭೀಮರಾಜ್ ಬಂದಿದ್ದಾನೆ, ನಾಳೆಯೂ ಇರುತ್ತಾನೆ, ಎಲ್ಲರ ಆಧಾರ್ ಕಾಪಿ, ಬ್ಯಾಂಕ್ ಪಾಸ್‌ಬುಕ್ ಇಸಿದುಕೊಳ್ಳುತ್ತಿದ್ದಾನೆ ಎಂದಳು. ಅವಳು ಮಲಗಲು ಹೋದ ಮೇಲೆ ರೇವಣಸಿದ್ದಪ್ಪನವರು ಹೆಂಡತಿಯ ಎದುರು ತಮ್ಮ ಕಾಲದ ಮಾತು ತೆಗೆದರು. ಮೂವತ್ತೆರಡು ವರ್ಷ ಅವರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ನೇಮಕದ ಕಾಗದ ಎಂಬುದನ್ನೇ ಕಂಡವರಲ್ಲ. ಬೇಡ ಹೋಗು ಎಂದಿದ್ದರೆ ಯಾವತ್ತೂ ಹೋಗಬೇಕಿತ್ತು. ಆದರೆ ಮನೆಯಲ್ಲಿ ಏನು ಶುಭವಾದರೂ ಮೊದಲ ಎಲೆಅಡಿಕೆ ಸಾವ್ಕಾರರಿಗೆ ಹೋಗುತ್ತಿತ್ತು. ಮಹಾಂತೇಶ ಹುಟ್ಟಿದಾಗ ಸಾವ್ಕಾರರು ಒಂದು ಮೂಟೆ ಅಕ್ಕಿ, ಒಂದು ಡಬ್ಬ ತುಪ್ಪ ಕಳಿಸಿದ್ದರು. ಇವರು ಕಾಮಾಲೆಯಾಗಿ ಎರಡು ತಿಂಗಳು ಮಲಗಿದಾಗ ಸಂಬಳ ಮನೆ ಬಾಗಿಲಿಗೆ ಬಂದಿತ್ತು.

“ಮುಚ್ಚಿಟ್ರೆ ಯಾವ ಯಜಮಾನ ಒಪ್ಪುತ್ತಾನೆ?” ಎಂದರು ಅವರು. “ನಾಳೆ ಹೊಟ್ಟೆ ಕಂಡಾಗ ಅವನಿಗೆ ಅವಮಾನ ಆಗಲ್ವಾ, ನನಗೊಂದು ಮಾತು ಹೇಳ್ಲಿಲ್ಲವಲ್ಲ ಅಂತ? ಹೋಗಿ ಬಳೆ ಶಾಸ್ತ್ರಕ್ಕೆ ಕರೆದ್ರೆ ಆ ಭೀಮರಾಜನೇ ಒಂದು ದಾರಿ ಮಾಡ್ತಾನೆ. ಅವನೂ ತಾಯಿ ಹೊಟ್ಟೇಲಿ ಹುಟ್ಟಿದೋನೇ ತಾನೆ.”

ಸುಮಿತ್ರಮ್ಮನಿಗೂ ಬೇಕಾಗಿದ್ದದ್ದು ಅದೇ ಮಾತು. ಒಂದು ತಿಂಗಳಿಂದ ಹೊಟ್ಟೆಯೊಳಗಿಟ್ಟುಕೊಂಡದ್ದು ಅವಳಿಗೆ ಭಾರವಾಗಿತ್ತು. ಬೆಳಿಗ್ಗೆ ಸೊಸೆ ಹೋದ ಮೇಲೆ ತಂಬಿಟ್ಟು ಕಟ್ಟಿದಳು. ತಟ್ಟೆಯಲ್ಲಿ ಎರಡು ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ, ಭೀಮರಾಜನ ಹೆಂಡತಿಗೆಂದು ಒಂದು ರವಿಕೆ ಕಣ. ಮೇಲೊಂದು ಪೂಜೆಯ ಮಗುಟದ ಬಟ್ಟೆ ಮುಚ್ಚಿ, ಲ್ಯಾಬಿನ ಕಡೆ ಹೋಗದೆ ಆಸ್ಪತ್ರೆಯ ಹಿಂದಿನ ಗೇಟಿನಿಂದ ಒಳಗೆ ಹೋದಳು.

ಭೀಮರಾಜ್ ಕ್ಯಾಂಟೀನ್ ಪಕ್ಕದ ಕೋಣೆಯಲ್ಲಿ ಕೂತಿದ್ದ. ಎದುರಿಗೆ ಆಸ್ಪತ್ರೆಯ ಡೇಟಾ ಎಂಟ್ರಿ ಹುಡುಗ ಸುನಿಲ್ ಪೇಪರು ಜೋಡಿಸುತ್ತಿದ್ದ. ಭೀಮರಾಜ್ ಒರಟನಲ್ಲ. ಎದ್ದು ನಿಂತು ತನ್ನ ಕುರ್ಚಿಯನ್ನೇ ಕೊಟ್ಟ, ತಾನೂ ಇದೇ ಜಿಲ್ಲೆಯ ಬೇಲೂರಿನ ಕಡೆಯವನೇ ಎಂದ, ತಂಬಿಟ್ಟು ಬಾಯಿಗೆ ಹಾಕಿಕೊಂಡು ನಮ್ಮಜ್ಜಿ ಹೀಗೇ ಮಾಡುತ್ತಿದ್ದರು ಎಂದ. ಸುಮಿತ್ರಮ್ಮನ ಮನಸ್ಸು ತುಂಬಿ ಬಂತು.

“ಏಪ್ರಿಲ್ ಒಂದಕ್ಕೆ ಸೊಸೆಗೆ ಬಳೆ ತೊಡುಸ್ತೀವಿ,” ಎಂದಳು. “ನಿಮ್ಮ ಕಡೆ ಅವತ್ತು ಬಿಡುವಲ್ವಾ, ಅದಕ್ಕೇ ಅವತ್ತೇ ಇಟ್ಕಂಡಿದೀವಿ. ಮನೆಯವ್ರನ್ನ ಕರ್ಕಂಡು ಬರ್ಬೇಕು. ಆಗಸ್ಟಿಗೆ ಹೆರಿಗೆ. ಆಮೇಲೆ ಒಂದು ಮೂರು ತಿಂಗಳು ಹೆಂಗಾದ್ರೂ ದಾಟಿಸ್ಕೊಡಿ. ಮಗೂನ ನಾನು ನೋಡ್ಕಂತೀನಿ. ಅವಳು ಒಂದು ದಿನ ತಪ್ಪಿಸದಂಗೆ ಬತ್ತಾಳೆ.”

“ಒಳ್ಳೆ ಸುದ್ದಿ ಅಮ್ಮ. ಆಗಸ್ಟ್ ಅಂದ್ರಾ?” ಎಂದು ಕೇಳಿ ಅವನು ಮೊಬೈಲಿನಲ್ಲಿ ಬರೆದುಕೊಂಡ. ಅವಳ ನಂಬರನ್ನೂ ಕೇಳಿ ಪಡೆದ.

ತಾನು ಬಂದದ್ದು ಸೊಸೆಗೆ ತಿಳಿಯುವುದು ಬೇಡ, ಸುಮ್ಮನೆ ಹೆದರಿಕೊಳ್ಳುತ್ತಾಳೆ ಎಂದು ಸುಮಿತ್ರಮ್ಮ ಬೇಡಿಕೊಂಡಳು. ಹೇಳುವುದಿಲ್ಲ ಎಂದು ಅವನು ಮಾತು ಕೊಟ್ಟ. ಆ ಮಾತನ್ನು ಅವನು ಉಳಿಸಿಕೊಂಡ, ಅದರಲ್ಲಿ ಅವನದೇನೂ ತಪ್ಪಿಲ್ಲ.

ಏಪ್ರಿಲ್ ಒಂದರಂದು ಮನೆ ತುಂಬ ಹೂರಣದ ವಾಸನೆ. ಬಾಗಿಲು ಮುಂದೆ ಮಾಡಿತ್ತು, ಕಿಟಕಿ ಹಾಕಿತ್ತು. ಕಣಕಟ್ಟೆಯ ಬೀಗಿತ್ತಿ ಸೋಬಲಕ್ಕಿ ತಂದು ಮಡಿಲಿಗೆ ಹಾಕಿದರು. ಉಷಾರಾಣಿ ಎರಡೂ ಕೈಗೆ ಹಸಿರು ಬಳೆ ಹಾಕಿಸಿಕೊಂಡು, ನಾಳೆ ಇದನ್ನು ತೋಳಿನೊಳಗೆ ಹೇಗೆ ತಳ್ಳಿಕೊಂಡು ಹೋಗಲಿ ಎಂದು ನಗುತ್ತಿದ್ದಳು. ಏಳು ವರ್ಷದಲ್ಲಿ ಅವಳು ಮಧ್ಯಾಹ್ನ ಎರಡು ಹೋಳಿಗೆ ಉಂಡು ಮಲಗಿದ್ದನ್ನು ಸುಮಿತ್ರಮ್ಮ ನೋಡಿದ್ದು ಅದೇ ಮೊದಲು. ಬಾಗಿಲ ಕಡೆ ಅತ್ತೆಯ ಕಣ್ಣು ಆಗಾಗ ಹೋಗುತ್ತಿತ್ತು. ಭೀಮರಾಜ್ ಬರಲಿಲ್ಲ. ಕೆಲಸವಿರಬಹುದು, ನಾಳೆ ಪಟ್ಟಿ ಅಂಟಿಸಬೇಕಲ್ಲ ಎಂದು ಅವಳು ಅವನ ಪಾಲಿನ ಹೋಳಿಗೆ ತೆಗೆದಿಟ್ಟಳು.

ಎರಡನೇ ತಾರೀಕು ಹನ್ನೊಂದು ಗಂಟೆಗೆಲ್ಲ ಉಷಾರಾಣಿ ಮನೆಗೆ ಬಂದಳು. ಅಕ್ಕಿ ಆರಿಸುತ್ತಿದ್ದ ಸುಮಿತ್ರಮ್ಮ ಮೊರ ಪಕ್ಕಕ್ಕಿಟ್ಟು ಏನಾಯಿತೆಂದು ಕೇಳಿದಳು. ಸೊಸೆ ಕಾಲು ತೊಳೆದು ಬಂದು ಎದುರಿಗೆ ಕೂತಳು.

“ಅತ್ತೆ, ನೀವು ಭೀಮರಾಜ್ ಹತ್ರ ಹೋಗಿದ್ರಾ?”

ಸುಮಿತ್ರಮ್ಮ ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ಹೋಗಿದ್ದೆ ಎಂದಳು.

“ಪಟ್ಟೀಲಿ ನನ್ನ ಹೆಸರಿಲ್ಲ. ನೀವು ಬಂದಿದ್ರಿ ಅಂತ ಸುನಿಲ್ ಹೇಳ್ದ. ನಾನು ನಂಬ್ಲಿಲ್ಲ.”

“ಕರೆಯಕ್ಕೆ ಹೋಗಿದ್ದು ಕಣಮ್ಮ. ಅನ್ನ ಕೊಟ್ಟೋರು ಅಂತ, ಮರ್ಯಾದೆಗೆ...”

“ನಂಗೆ ಹನ್ನೊಂದು ದಿನ ಬೇಕಿತ್ತು ಅತ್ತೆ,” ಎಂದಳು ಉಷಾರಾಣಿ. ದನಿ ಏರಲಿಲ್ಲ. “ಏಳು ವರ್ಷ ಆಗಿತ್ತು. ನೀವು ಹೋದಾಗ ಇನ್ನು ಹನ್ನೊಂದೇ ದಿನ.”

ಅವಳು ಅತ್ತಿದ್ದರೆ, ನಾಲ್ಕು ಮಾತು ಬೈದಿದ್ದರೆ ಸುಮಿತ್ರಮ್ಮ ತಡೆದುಕೊಳ್ಳುತ್ತಿದ್ದಳು. ಸೊಸೆ ಎದ್ದು ಹೋಗಿ ಮಲಗಿದಳು. ಬೈಯುವ ಕೆಲಸವನ್ನು ಸಂಜೆ ಮಹಾಂತೇಶ ಮಾಡಿದ. ಬುದ್ಧಿ ಇದೆಯೇನಮ್ಮ ನಿಂಗೆ, ನಿನ್ನ ತಟ್ಟೆ ಹಿಡಿದುಕೊಂಡು ಹೋಗಿ ಮನೆ ಮಂದಿಯ ತಟ್ಟೆ ಕಿತ್ತುಕೊಂಡು ಬಂದೆಯಲ್ಲ ಎಂದ. ರೇವಣಸಿದ್ದಪ್ಪನವರು ಗೋಡೆ ಹಿಡಿದುಕೊಂಡು ಎದ್ದು, ಹೇಳಿಕೊಟ್ಟವನು ನಾನು, ನನ್ನನ್ನು ಬೈಯಿ ಎಂದರು. ಅಷ್ಟು ಹೇಳುವುದರಲ್ಲಿ ಅವರಿಗೆ ಉಬ್ಬಸ ಬಂತು. ಮಗ ಬೈಯುವುದು ಬಿಟ್ಟು ಉಬ್ಬಸದ ಪಂಪು ತಂದುಕೊಟ್ಟ.

ಮಹಾಂತೇಶ ಹಾಸನಕ್ಕೆ ಹೋಗಿ ಪರಿಚಯದ ವಕೀಲರನ್ನು ಕಂಡು ಬಂದ. ನಿಮ್ಮ ಹೆಂಡತಿಯನ್ನು ಯಾರೂ ಕೆಲಸದಿಂದ ತೆಗೆದಿಲ್ಲ, ಅವಧಿ ಮುಗಿದಿದೆ ಎನ್ನುತ್ತಾರೆ ಏಜೆನ್ಸಿಯವರು, ಬಸುರಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಕೇಸು ಹಾಕಬಹುದು, ಹಾಕೋಣ, ಮಗು ಶಾಲೆಗೆ ಹೋಗುವ ಹೊತ್ತಿಗೆ ಏನಾದರೂ ಆದೀತು ಎಂದರಂತೆ ಅವರು. ಒಳ್ಳೆಯವರು, ಫೀಸು ತೆಗೆದುಕೊಳ್ಳಲಿಲ್ಲ. ಉಷಾರಾಣಿ ಊರಿನ ಎರಡು ಖಾಸಗಿ ಲ್ಯಾಬಿಗೆ, ತಿಪಟೂರಿನ ಒಂದಕ್ಕೆ ಹೋಗಿ ಕೇಳಿದಳು. ಎಲ್ಲರೂ ಅವಳ ಸರ್ಟಿಫಿಕೇಟಿಗಿಂತ ಮೊದಲು ಹೊಟ್ಟೆ ನೋಡಿದರು. ಹೆರಿಗೆಯಾದ ಮೇಲೆ ಬನ್ನಿ ಎಂದರು.

ಶಾಲೆ ಮುಚ್ಚಿತು. ಮಹಾಂತೇಶ ಅಪ್ಪ ಕೆಲಸ ಮಾಡಿದ್ದ ಮಂಡಿಗೇ ಹೋದ. ಹಳೆಯ ಸಾವ್ಕಾರರು ತೀರಿಕೊಂಡಿದ್ದರು. ಅವರ ಮಗ ಗುರುತು ಹಿಡಿದು ಟೀ ತರಿಸಿಕೊಟ್ಟು, ಈಗ ನಾವು ಯಾರನ್ನೂ ಇಟ್ಟುಕೊಳ್ಳುವುದಿಲ್ಲ, ಜನ ಕಂಟ್ರಾಕ್ಟರ್ ಕಡೆಯಿಂದ ಬರುತ್ತಾರೆ, ಅವರನ್ನು ಕೇಳಿ ಎಂದರಂತೆ. ಕೇಳಿದ. ಲಾರಿ ಬಂದ ದಿನ ಚೀಲ ತೂಗಿಸುವ ಕೆಲಸ ಸಿಕ್ಕಿತು. ಮೈಯೆಲ್ಲ ನಾರಿನ ಧೂಳು ಮಾಡಿಕೊಂಡು ಬರುತ್ತಿದ್ದ. ಒಂದು ದಿನ ಅವನ ಹತ್ತನೇ ಕ್ಲಾಸಿನ ವಿದ್ಯಾರ್ಥಿಯೊಬ್ಬನ ತಂದೆ ಚೀಲ ತಂದವರು ನಮಸ್ಕಾರ ಸಾರ್ ಎಂದರಂತೆ. ಆ ರಾತ್ರಿ ಅವನು ಊಟ ಮಾಡಲಿಲ್ಲ.

ಮನೆಯಲ್ಲಿ ಒಂದು ಲೀಟರು ಹಾಲು ಅರ್ಧಕ್ಕೆ ಬಂತು. ಬೇಳೆ ಸಾರು ದಿನ ದಿನಕ್ಕೆ ತಿಳಿಯಾಯಿತು. ಸುಮಿತ್ರಮ್ಮ ಸೊಸೆಗೆಂದು ಒಂದು ಲೋಟ ಹಾಲು ತೆಗೆದಿಡುತ್ತಿದ್ದಳು, ಸೊಸೆ ಅದನ್ನು ಯಾರೂ ನೋಡದಾಗ ಮಾವನ ಕಾಫಿಗೆ ಸುರಿಯುತ್ತಿದ್ದಳು. ಮಾವ ದಿನಕ್ಕೆ ನಾಲ್ಕು ಸಲ ಎಳೆಯಬೇಕಾದ ಪಂಪನ್ನು ಎರಡು ಸಲ ಎಳೆದು, ಈಗ ಎಷ್ಟೋ ವಾಸಿ ಎನ್ನುತ್ತಿದ್ದರು. ಒಬ್ಬರ ಕಣ್ಣು ಒಬ್ಬರು ತಪ್ಪಿಸಿ ಎಲ್ಲರೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಿದ್ದರು. ಏಪ್ರಿಲ್ ಎರಡರ ಆ ಮಾತಿನ ಮೇಲೆ ಉಷಾರಾಣಿ ಸುಮಿತ್ರಮ್ಮನನ್ನು ಅತ್ತೆ ಎಂದು ಕರೆದಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಮೂರನೇ ವಾರದಲ್ಲಿ ಸೊಸೆ ನೀರಿನ ಕೊಡ ಎತ್ತಲು ಹೋಗಿ ತಲೆ ಸುತ್ತಿ ಕೂತುಬಿಟ್ಟಳು. ಅಕ್ಷತಾ ಮನೆಯಲ್ಲೇ ಅವಳ ರಕ್ತ ತೆಗೆದು, ತಾನು ಬಿಟ್ಟಿ ದುಡಿಯುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಬಂದಳು. ಚೀಟಿ ನೋಡಿದ ಉಷಾರಾಣಿಗೆ ಯಾರೂ ವಿವರಿಸಬೇಕಾಗಲಿಲ್ಲ.

“ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂಬತ್ತು,” ಎಂದಳು. “ಹೆಂಗಸರು ಇಷ್ಟಿಟ್ಕೊಂಡು ಬಂದಾಗ ನಾನೇ ಬೈತಿದ್ದೆ, ಮನೇಲಿ ಊಟ ಹಾಕಲ್ವಾ ಅಂತ.”

ರಕ್ತ ತೀರಾ ಕಡಿಮೆಯಿದೆ, ಡ್ರಿಪ್ಪಿನಲ್ಲಿ ಕಬ್ಬಿಣದಂಶ ಏರಿಸಬೇಕು, ಐದಾರು ಸಲ ಬರಬೇಕು, ಚೆನ್ನಾಗಿ ತಿನ್ನಬೇಕು, ಹೀಗೇ ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ ಎಂದು ಡಾಕ್ಟರು ಹೇಳಿದರು. ಸುಮಿತ್ರಮ್ಮ ಮನೆಗೆ ಬಂದು ದೇವರ ಮುಂದೆ ಕೂತಳು. ಪೂಜೆ ಮಾಡಲಿಲ್ಲ, ಸುಮ್ಮನೆ ಕೂತಳು. ಹೆರಿಗೆಯ ತನಕ ಈ ಹುಡುಗಿಯ ಹೊಟ್ಟೆಗೆ ಹಾಕುವ ದಾರಿಯೊಂದು ಆಗಬೇಕು, ಬೇರೇನೂ ಬೇಡ ಎನಿಸಿತು ಅವಳಿಗೆ.

ಭೀಮರಾಜನ ಫೋನು ಬಂದದ್ದು ಆ ವಾರವೇ. ಲ್ಯಾಬಿಗೆ ಹಾಕಿದ ಹೊಸ ಹುಡುಗ ಇಪ್ಪತ್ತು ದಿನಕ್ಕೆ ಬಿಟ್ಟು ಹೋಗಿದ್ದ, ಜಾಗ ಖಾಲಿ. “ನಿಮ್ಮ ಮಗಳೂ ಇದೇ ಓದಿದಾಳಂತಲ್ಲ ಅಮ್ಮ. ಸುನಿಲ್ ಹೇಳ್ದ. ನಿಮ್ಮ ಮನೆ ಮೇಲೆ ನಂಗೆ ಗೌರವ ಇದೆ. ಕರ್ಕೊಂಡು ಬನ್ನಿ.”

ಅಕ್ಷತಾ ಕೇಳುತ್ತಲೇ ಉರಿದುಬಿದ್ದಳು. ಅತ್ತಿಗೆಯ ಕುರ್ಚಿಯ ಮೇಲೆ ಕೂರುವುದಕ್ಕಿಂತ ಬಾವಿ ನೋಡಿಕೊಳ್ಳುತ್ತೇನೆ ಎಂದಳು. ಮಹಾಂತೇಶ ಹೋಗಲಿ ಎಂದೂ ಅನ್ನಲಾರದೆ, ಬೇಡ ಎಂದೂ ಅನ್ನಲಾರದೆ ಅಂಗಿಯ ಗುಂಡಿ ಹಾಕಿ ತೆಗೆದು ಮಾಡಿದ. ಮಾತು ಮುಗಿಸಿದ್ದು ಉಷಾರಾಣಿ.

“ನನ್ನ ಕುರ್ಚಿ ಅಂತ ಯಾರು ಹೇಳಿದ್ದು ನಿಂಗೆ? ಏಳು ವರ್ಷ ಕೂತಿದ್ದೆ, ಅಷ್ಟೆ. ನೀನು ಹೋಗ್ದಿದ್ರೆ ಇನ್ಯಾರೋ ಹೋಗ್ತಾರೆ. ಹೋಗು.”

ಆಮೇಲೆ ಸಂಜೆಯೆಲ್ಲ ಅಡುಗೆಮನೆಯಲ್ಲಿ ಇಬ್ಬರೂ ತರಕಾರಿ ಹೆಚ್ಚುತ್ತ ಕೂತರು. ಯಾವ ಮೆಷಿನ್ನು ಬೆಳಿಗ್ಗೆ ಕೈಕೊಡುತ್ತದೆ, ಯಾವ ಡಾಕ್ಟರಿಗೆ ರಿಪೋರ್ಟ್ ಹತ್ತು ಗಂಟೆಗೇ ಬೇಕು, ಮಕ್ಕಳ ರಕ್ತ ತೆಗೆಯುವಾಗ ತಾಯಿಯನ್ನು ಹೊರಗೆ ಕಳಿಸಬೇಕು, ಎಲ್ಲ ಹೇಳಿಕೊಟ್ಟಳು. ಮದುವೆಯಾದ ಮೇಲೂ ಬಾಣಾವರದಿಂದ ಬೆಳಗಿನ ರೈಲಿಗೆ ಬಂದು ಮಾಡಬಹುದಲ್ಲವೇ ಅತ್ತಿಗೆ ಎಂದು ಅಕ್ಷತಾ ಕೇಳಿದಳು. ಮಾಡಬಹುದು ಎಂದಳು ಉಷಾರಾಣಿ. ಆ ಒಂದು ಸಂಜೆ ಸುಮಿತ್ರಮ್ಮನಿಗೆ ಉಸಿರು ಸಲೀಸಾಗಿ ಆಡಿತು.

ಮರುದಿನ ಅದೇ ಕೋಣೆ. ಈ ಸಲ ಸುಮಿತ್ರಮ್ಮ ಬರಿಗೈಯಲ್ಲಿ ಹೋಗಿದ್ದಳು. ಭೀಮರಾಜ್ ಅಕ್ಷತಾಳ ಕಾಗದಗಳನ್ನೆಲ್ಲ ನೋಡಿ, ಸರಿಯಾಗಿವೆ ಎಂದು ಪಕ್ಕಕ್ಕಿಟ್ಟ.

“ಒಂದು ಮಾತು ಅಮ್ಮ, ತಪ್ಪು ತಿಳ್ಕೋಬೇಡಿ. ಮದುವೆಗಿದುವೆ ಏನಾದ್ರೂ ಗೊತ್ತಾಗಿದೆಯಾ? ಆಸ್ಪತ್ರೆಯವ್ರು ನನ್ನ ಬೈತಾರೆ, ಒಬ್ಬರು ಕಲಿಯೋದ್ರೊಳಗೆ ಹೋಗ್ತಾರೆ ಅಂತ. ಹುಡುಗೀರನ್ನ ಕೇಳಿದ್ರೆ ಇಲ್ಲ ಅಂತಾರೆ, ಆರು ತಿಂಗಳಿಗೆ ಮದುವೆ, ವರ್ಷಕ್ಕೆ ಬಸುರಿ. ಅದಕ್ಕೇ ನಿಮ್ಮನ್ನ ಬರ ಹೇಳಿದ್ದು. ನೀವು ಸುಳ್ಳು ಹೇಳೋರಲ್ಲ.”

ಅಕ್ಷತಾ ತಾಯಿಯ ಮುಖ ನೋಡಿದಳು. ತಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ, ಆಮೇಲೆ ಏನಾಗುತ್ತದೋ ಆಗಲಿ ಎಂದು ಅವಳು ಸಿದ್ಧಳಾಗಿದ್ದಳು. ಸುಮಿತ್ರಮ್ಮನಿಗೆ ಸೊಸೆಯ ರಕ್ತದ ಚೀಟಿಯ ಅಂಕಿ ನೆನಪಾಯಿತು.

“ಇಲ್ಲಪ್ಪ,” ಎಂದಳು. “ಯಾವ ಮಾತುಕತೇನೂ ಇಲ್ಲ. ಇನ್ನು ಮೂರ್ನಾಕು ವರ್ಷ ಆ ಯೋಚನೇನೇ ಇಲ್ಲ.”

ಅವನು ನಕ್ಕು, ನೀವು ಹೇಳಿದ ಮೇಲೆ ಮುಗಿಯಿತು ಎಂದು ಅಕ್ಷತಾಳ ಕೈಗೆ ಪೆನ್ನು ಕೊಟ್ಟ.

ದಾರಿಯಲ್ಲಿ ಅಕ್ಷತಾ, ಒಪ್ಪುವ ಶಾಸ್ತ್ರ ಮಾಡಿಕೊಂಡು ಯಾರಿಗೂ ಹೇಳದೆ ಇದ್ದರಾಗುವುದಿಲ್ಲವೇ ಎಂದಳು. ಗುಟ್ಟು ಈ ಮನೆಯಲ್ಲಿ ಎಷ್ಟು ದಿನ ನಿಂತಿತೆಂದು ನೋಡಿದೆಯಲ್ಲ ಎಂದಳು ಸುಮಿತ್ರಮ್ಮ. ಹಾಗಾದರೆ ಬಾಣಾವರದವರಿಗೆ ಏನು ಹೇಳುವುದು ಎಂದು ಮಗಳು ಕೇಳಿದಳು. ನಾನು ಹೇಳುತ್ತೇನೆ ಎಂದಳು ತಾಯಿ.

ನಾಲ್ಕು ಗಂಟೆಗೆ ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತು ಬಸವಕುಮಾರನ ತಾಯಿಗೆ ಫೋನು ಮಾಡಿದಳು. ಹುಡುಗಿಗೆ ಕೆಲಸ ಸಿಕ್ಕಿದೆ, ಈ ವರ್ಷ ಮದುವೆ ಆಗುವ ಹಾಗಿಲ್ಲ, ತಪ್ಪು ತಿಳಿಯಬೇಡಿ ಎಂದಳು.

“ಅದಕ್ಕೇನಂತೆ ತಾಯಿ,” ಎಂದರು ಆಕೆ. “ಒಂದು ವರ್ಷ ತಾನೆ, ಕಾಯ್ತೀವಿ. ನಮ್ಮ ಹುಡುಗನೂ ಬೇರೆ ಕಡೆ ನೋಡೋದು ಬೇಡ ಅಂತಾನೆ.”

ಸುಮಿತ್ರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವರ್ಷ ಕಳೆದರೆ ಮತ್ತೆ ಏಪ್ರಿಲ್, ಮತ್ತೆ ಪಟ್ಟಿ, ಮತ್ತೆ ಅದೇ ಪ್ರಶ್ನೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಕೂಸು. ಆಗ ಮಾತ್ರ ಆ ಕೆಲಸ ಬೇಡವಾಗುತ್ತದೆಯೇ? ಅಲ್ಲದೆ ಇವರು ಕಾಯುತ್ತಾರೆಂದು ತಿಳಿದರೆ ಹುಡುಗಿ ನಾಳೆ ಕೆಲಸಕ್ಕೆ ಹೋಗುವಳೋ ಇಲ್ಲವೋ.

“ಕಾಯ್ಬೇಡಿ ತಾಯಿ,” ಎಂದಳು. “ನಿಜ ಹೇಳ್ತೀನಿ. ಹುಡುಗಿಗೇ ಮನಸ್ಸಿಲ್ಲ.”

ಆಕೆ ಒಳ್ಳೆಯದಾಗಲಿ ಎಂದು ಫೋನಿಟ್ಟರು.

ಸುಮಿತ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಬಂದಳು. ಉಷಾರಾಣಿ ಗೋಡೆಗೊರಗಿ ಕೂತಿದ್ದಳು. ಅಕ್ಷತಾ ಒಲೆಯ ಮುಂದೆ ನಿಂತಿದ್ದವಳು ತಿರುಗದೆಯೇ ಕೇಳಿದಳು.

“ಏನಂದ್ರು?”

“ಆಯ್ತು ಅಂದ್ರು.”

“ಅಷ್ಟೇನಾ?”

“ಅಷ್ಟೇ.”

ಅಕ್ಷತಾ ಸೌಟು ಹಾಕಿ ಸಾರು ತಿರುವಿದಳು. ನಾಳೆ ಡಬ್ಬಿಗೆ ಏನು ಮಾಡಲಿ ಎಂದು ಸುಮಿತ್ರಮ್ಮ ಕೇಳಿದಳು. ಏನಾದರೂ ಮಾಡು ಎಂದಳು ಮಗಳು.